ಚಕ್ಕಡಿಯಲ್ಲೇ ಮನೆ: ಎರೆ ಸೀಮೆಯಿಂದ ಕಡಲಿಗೆ

ಮಂಗಳೂರಿನಿಂದ ಕಾರವಾರದವರೆಗೆ 66ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಕ್ಯಾಂಪರ್ ವ್ಯಾನ್ ಓಡಿಸುವವರ ವಿಡಿಯೋಗಳನ್ನು ಈಗ ಎಲ್ಲರೂ ನೋಡುತ್ತೇವೆ. ವಾಹನದೊಳಗೇ ಒಲೆ, ಹಾಸಿಗೆ. ಬಾಗಿಲು ತೆರೆದರೆ ಕಡಲು. ಆದರೆ ಗಾಡಿ ಬಿಟ್ಟಲ್ಲೇ ಉಂಡು, ಗಾಡಿಯಡಿಯಲ್ಲೇ ಮಲಗಿ ಅದೇ ಕಡಲು ಮುಟ್ಟಿದವರು ನಮ್ಮ ಹುಲಕೋಟಿ, ಗದಗ ಸೀಮೆಯಲ್ಲಿ ನೂರೈವತ್ತು ವರ್ಷಗಳ ಹಿಂದೆಯೇ ಇದ್ದರು. ಅವರು ಹೊರಟಿದ್ದು ವಿಹಾರಕ್ಕಲ್ಲ, ಹತ್ತಿ ಹೇರಿಕೊಂಡು.

ಆಗ ಇಲ್ಲಿ ರೈಲಿರಲಿಲ್ಲ. ಎರೆ ಹೊಲದ ಹತ್ತಿ ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಬೇಕು, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ. ಹೀಗಾಗಿ ಇಂಗ್ಲೆಂಡಿನ ಪೇಟೆಯಲ್ಲೂ ಇದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು. ಕುಮಟೆಯ ಗಜನಿ ಗದ್ದೆಯಲ್ಲಿ ಎಲ್ಲಿಯ ಹತ್ತಿ? ಬಿತ್ತಿ ಬಿಡಿಸಿದವರು ನಾವು, ಹೆಸರು ಬಂದರಿನದು.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಾಗ ಮ್ಯಾಂಚೆಸ್ಟರಿನ ಗಿರಣಿಗಳ ಕಣ್ಣು ಧಾರವಾಡ ಸೀಮೆಯ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಹೊಲ ಒಂದು ಪ್ರಾಂತದಲ್ಲಿ, ಬಂದರು ಇನ್ನೊಂದರಲ್ಲಿ ಇದ್ದರೆ ರಸ್ತೆ ಯಾರು ಮಾಡಬೇಕು? ಕಾರವಾರ ಬಂದರಿನ ಆಸೆ, ಅರಬೈಲ್ ಘಟ್ಟದ ದಾರಿ ಎಲ್ಲವೂ ಆ ಹತ್ತಿಯ ಲೆಕ್ಕಾಚಾರದ ಭಾಗ. ಜಿಲ್ಲೆಯ ಗಡಿಯನ್ನೇ ಅಂಡಿಗಿ ಎಳೆದೊಯ್ದಿತು ಎಂದರೂ ತಪ್ಪಿಲ್ಲ. ಬೆಲೆ ಏರಿದಂತೆ ಕಲಬೆರಕೆಯೂ ಏರಿ, 1863ರಲ್ಲಿ ಮುಂಬಯಿ ಸರ್ಕಾರ ಹತ್ತಿ ಮೋಸ ತಡೆಯಲು ಕಾಯ್ದೆಯನ್ನೇ ತಂದಿತು.

ಗಾಡಿಯವರಿಗೆ ದೊಡ್ಡ ಅಂಜಿಕೆ ಮಳೆಯದು. ಬೇಸಿಗೆಗೆ ಹತ್ತಿ ಬಿಡಿಸಿ, ಅರಳೆ ಮಾಡಿ, ಮುಂಗಾರು ಹಿಡಿಯುವುದರೊಳಗೆ ಬಂದರು ಮುಟ್ಟಿಸಬೇಕು. ಮಳೆ ಬಿತ್ತೆಂದರೆ ಘಟ್ಟದಲ್ಲಿ ಚಕ್ರ ಹೂಳುತ್ತಿತ್ತು, ಕಡಲಿನಲ್ಲಿ ಹಡಗು ನಿಲ್ಲುತ್ತಿತ್ತು. ಬರುವಾಗ ಉಪ್ಪು, ತೆಂಗಿನಕಾಯಿ ಹೇರಿಕೊಂಡು ಮತ್ತೆ ಘಟ್ಟ ಹತ್ತುವುದು. ಎತ್ತಿನ ಕಷ್ಟ ಬೇರೆ ಹೇಳಬೇಕಿಲ್ಲ.

1880ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆ ಗದಗಿಗೆ ಬಂತು. ಮರ್ಮಗೋವಾ ಬಂದರಿಗೂ ಹಳಿ ಕೂಡಿತು. ಕುಮಟೆಯ ವ್ಯಾಪಾರ ಸೊರಗಿತು, ಹತ್ತಿಗೆ ಆ ಹೆಸರು ಮಾತ್ರ ಉಳಿಯಿತು. ಹುಬ್ಬಳ್ಳಿ–ಅಂಕೋಲಾ ರೈಲು ಇವತ್ತಿಗೂ ಕಡಲು ಮುಟ್ಟಿಲ್ಲ.

ಹಾಗಾಗಿ ಭಾರವೆಲ್ಲ ಈಗಲೂ ರಸ್ತೆಯ ಮೇಲೇ. ಹುಲಕೋಟಿಯ ಮುಂದೆ ಹಾಯುವ ಹಳೆಯ 63ನೇ ಹೆದ್ದಾರಿಯಲ್ಲೇ ಹೋದರೆ ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಇಳಿದು ಅಂಕೋಲಾ ಹತ್ತಿರ 66ಕ್ಕೆ ಕೂಡುತ್ತೇವೆ. ಅಲ್ಲಿ ಗಾಡಿಯಲ್ಲೇ ಬದುಕುವವರು ಕ್ಯಾಂಪರ್ ವ್ಯಾನಿನವರಿಗಿಂತ ಹೆಚ್ಚಾಗಿ ಲಾರಿ ಚಾಲಕರು. ಅವರಿಗೆ ಮಳೆಗಾಲದ ಬಿಡುವೂ ಇಲ್ಲ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ದಾರಿಬದಿಯ ಚಹಾ ಅಂಗಡಿ, ನಿಂತಿದ್ದ ವಾಹನಗಳು ಕೊಚ್ಚಿಹೋದವು. ಕಟ್ಟಿಗೆ ಹೇರಿದ್ದ ಒಂದು ಲಾರಿಯನ್ನು ಗಂಗಾವಳಿ ನದಿಯಿಂದ ಮೇಲೆತ್ತಿದ್ದು ಸೆಪ್ಟೆಂಬರ್ ಕೊನೆಗೆ. ಚಾಲಕ ಕ್ಯಾಬಿನ್ನಿನೊಳಗೇ ಇದ್ದರು.