ಕಡೂರು ಸೀಮೆಯ ತಂತಿಯೂ ಅದರ ಸ್ಮೃತಿಯೂ

1947ರವರೆಗೆ ಸರ್ಕಾರಿ ಕಡತಗಳಲ್ಲಿ ಕಡೂರು ಜಿಲ್ಲೆಯೆಂದೇ ಕರೆಯಿಸಿಕೊಳ್ಳುತ್ತಿದ್ದ ನಾಡಿನ ಬಯಲುಭಾಗದಲ್ಲಿ, ಪಡುವಣದ ಬಾಬಾಬುಡನ್ ಗಿರಿಶ್ರೇಣಿಯನ್ನು ದೂರದಿಂದ ನೋಡುತ್ತ ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದು ಹೋಗುವ ಮೀಟರ್ ಗೇಜ್ ಹಳಿಗಳು ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಬಂದುವು. 1899ರಲ್ಲಿ ಬೀರೂರಿನಿಂದ ತರೀಕೆರೆಯ ಮಾರ್ಗವಾಗಿ ಶಿವಮೊಗ್ಗಕ್ಕೆ ಕವಲುದಾರಿಯೂ ತೆರೆಯಿತು. ಹಳಿಯ ಚರಿತ್ರೆಯನ್ನು ಬರೆದವರುಂಟು. ಆ ಹಳಿಯ ಮಗ್ಗುಲಲ್ಲಿಯೇ ಕಂಬದಿಂದ ಕಂಬಕ್ಕೆ ಹಾಯ್ದುಹೋದ ತಂತಿಯ ಚರಿತ್ರೆಯನ್ನು ಅಷ್ಟೇ ಆದರದಿಂದ ಬರೆದವರು ವಿರಳ.

ಒಂಟಿ ಹಳಿಯ ಮೇಲೆ ಎದುರುಬದುರಾಗಿ ಗಾಡಿಗಳು ಓಡಾಡುವಲ್ಲಿ ಮುಂದಿನ ನಿಲ್ದಾಣದಿಂದ ‘ಲೈನ್ ಕ್ಲಿಯರ್’ ದೊರೆಯದೆ ಗಾಡಿಯನ್ನು ಬಿಡುವಂತಿರಲಿಲ್ಲವಾದ್ದರಿಂದ, ಸ್ಟೇಷನ್ ಮಾಸ್ತರನಾಗತಕ್ಕವನು ಮೊದಲು ಮೋರ್ಸ್ ಲಿಪಿಯನ್ನು ಕಿವಿಗೆ ರೂಢಿ ಮಾಡಿಕೊಳ್ಳಬೇಕಾಗಿದ್ದಿತು. ಹ್ರಸ್ವವೊಂದು, ದೀರ್ಘವೊಂದು, ನಡುವೆ ಮೌನ. ಇಂದು ನಾವು ಡಿಜಿಟಲ್ ಎನ್ನುವ ಸಂಕೇತದ ಪೂರ್ವಜನು ಇದೇ. ಮೇಜಿನ ಮೇಲಿನ ಯಂತ್ರವು ಕಟಕಟಿಸಿದುದನ್ನು ಅಕ್ಷರವನ್ನಾಗಿ, ಅಕ್ಷರವನ್ನು ಮಾತನ್ನಾಗಿ ಪರಿವರ್ತಿಸುವ ಕಾರ್ಯವೆಲ್ಲವೂ ಮಾಸ್ತರನ ಕಿವಿ, ಸ್ಮರಣೆ, ಕೈಗಳ ಪಾಲಿನದಾಗಿದ್ದಿತು. ವಿದ್ಯುತ್ತು ಕ್ಷಣಾರ್ಧದಲ್ಲಿ ತಲಪಿದರೂ ಪಳಗಿದ ಕೈ ನಿಮಿಷಕ್ಕೆ ಇಪ್ಪತ್ತೈದರ ಆಸುಪಾಸಿನ ಶಬ್ದಗಳನ್ನಷ್ಟೇ ಕಳುಹಬಲ್ಲುದಾಗಿದ್ದುದರಿಂದ, ವಿಳಂಬವು ತಂತಿಯಲ್ಲಿರದೆ ತಂತಿಯ ಎರಡು ತುದಿಗಳಲ್ಲಿದ್ದಿತು. ಈ ಸತ್ಯವನ್ನು ಮನಗಂಡ ಚಾರ್ಲ್ಸ್ ವೀಟ್‌ಸ್ಟನ್ನನು 1858ರಲ್ಲಿಯೇ, ಸಂದೇಶವನ್ನು ಮೊದಲು ಕಾಗದದ ಪಟ್ಟಿಯಲ್ಲಿ ರಂಧ್ರಗಳಾಗಿ ಕೊರೆದಿಟ್ಟುಕೊಂಡು ಅನಂತರ ಯಂತ್ರದ ಮೂಲಕ ಅತಿವೇಗದಿಂದ ಹರಿಸುವ ಉಪಾಯವನ್ನು ರೂಪಿಸಿದನು. ಕೊರೆದ ಪಟ್ಟಿಯೆಂದರೆ ಯಂತ್ರಕ್ಕೆ ಒದಗಿಸಿದ ಸ್ಮೃತಿ. ವೇಗದ ಗುಟ್ಟೆಲ್ಲ ಅಲ್ಲಿಯೇ ಇದೆ.

ನಮ್ಮ ಚಿಕ್ಕ ಊರುಗಳ ಅಂಚೆ ಕಚೇರಿಗಳು ಅದೇ ತತ್ತ್ವವನ್ನು ಇನ್ನೊಂದು ಬಗೆಯಲ್ಲಿ, ಯಂತ್ರವಿಲ್ಲದೆಯೇ ಸಾಧಿಸಿದ್ದುವೆಂಬುದನ್ನು ನೆನೆದರೆ ನನಗೆ ಈಗಲೂ ಸಂತೋಷವಾಗುತ್ತದೆ. ಮದುವೆಗೆ, ದೀಪಾವಳಿಗೆ, ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಕಳುಹಿಸುತ್ತಿದ್ದ ಶುಭಾಶಯ ತಂತಿಗಳಿಗಾಗಿ ಇಲಾಖೆಯು ಸಿದ್ಧವಾಕ್ಯಗಳ ಪಟ್ಟಿಯೊಂದನ್ನು ಅಚ್ಚುಹಾಕಿಸಿ, ಪ್ರತಿಯೊಂದು ವಾಕ್ಯಕ್ಕೂ ಒಂದೊಂದು ಸಂಖ್ಯೆಯನ್ನು ಕೊಟ್ಟಿದ್ದಿತು. ತರೀಕೆರೆಯ ಗೃಹಸ್ಥನೊಬ್ಬನು ದೂರದ ನೆಂಟರ ಮನೆಯ ಲಗ್ನಕ್ಕೆ ಹೋಗಲಾಗದೆ ಕಚೇರಿಯ ಕಿಂಡಿಯ ಮುಂದೆ ನಿಂತು ಪಟ್ಟಿಯಲ್ಲಿ ಒಂದು ವಾಕ್ಯವನ್ನು ಆರಿಸಿದನೆಂದರೆ, ತಂತಿಯ ಮೇಲೆ ಹೋಗುತ್ತಿದ್ದುದು ಆ ಸಂಖ್ಯೆ ಮಾತ್ರ. ಅತ್ತಣ ಕಚೇರಿಯವರು ತಮ್ಮ ಬಳಿಯಿದ್ದ ಅದೇ ಪಟ್ಟಿಯನ್ನು ನೋಡಿ, ಪೂರ್ಣವಾಕ್ಯವನ್ನು ಬಣ್ಣದ ಚಿತ್ರವಿದ್ದ ಕಾಗದದ ಮೇಲೆ ಬರೆದು ಲಗ್ನದ ಮನೆಗೆ ಮುಟ್ಟಿಸುತ್ತಿದ್ದರು. ವಾಕ್ಯವು ಪಯಣಿಸಲೇ ಇಲ್ಲ. ಅದು ಮೊದಲೇ ಅಲ್ಲಿ ಹೋಗಿ ಕುಳಿತಿದ್ದಿತು. ಮಾತು ಹೊರಬೀಳಬೇಕಾದ ಸ್ಥಳದಲ್ಲಿಯೇ ಮಾತಿನ ಭಂಡಾರವನ್ನು ಇರಿಸುವ ಈ ಜಾಣ್ಮೆಯನ್ನು ಕಂಡುಹಿಡಿದವರಿಗೆ ಸಲ್ಲಬೇಕಾದ ಕೀರ್ತಿ ಸಂದಿಲ್ಲವೆಂದೇ ನನ್ನ ಅಭಿಪ್ರಾಯ.

ಧ್ವನಿಯ ಯುಗಕ್ಕೆ ಬಂದಾಗಲೂ ಸಮಸ್ಯೆಯು ತಂತಿಯ ತುದಿಗಳಲ್ಲಿನ ವಿಳಂಬವೇ ಆಗಿದ್ದಿತು. ಧ್ವನಿಯ ಅಲೆಯನ್ನು ಸಂಖ್ಯೆಗಳಾಗಿ ಅಳೆದು ಕಳುಹುವ ಕ್ರಮವನ್ನು ಅಲೆಕ್ ರೀವ್ಸ್ ಎಂಬಾತನು 1937ರಲ್ಲಿ ಕಲ್ಪಿಸಿದನು. ಆ ಕ್ರಮದ ದೂರವಾಣಿಯಲ್ಲಿ ಒಂದು ಕಂಠವನ್ನು ಸೆಕೆಂಡಿಗೆ 8,000 ಬಾರಿ ಅಳೆಯುತ್ತಾರೆ. ಕರ್ನಾಟಕದ ಪಾಲಿಗೆ ಇದರ ಸ್ಮರಣೀಯ ಘಟನೆ ನಡೆದುದು 1986ರಲ್ಲಿ, ಕಿತ್ತೂರಿನಲ್ಲಿ: ದೂರಸಂಪರ್ಕ ಸಂಶೋಧನೆಯ ಸಿ-ಡಾಟ್ ಸಂಸ್ಥೆಯು ಹವಾನಿಯಂತ್ರಣದ ಹಂಗಿಲ್ಲದೆ ಧೂಳು ಸೆಕೆಗಳನ್ನು ತಾಳುವಂತೆ ರಚಿಸಿದ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರವು ಅಲ್ಲಿ ಮೊದಲು ಕಾರ್ಯಾರಂಭ ಮಾಡಿತು. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾದಿದ್ದ ಹಳ್ಳಿಪಟ್ಟಣಗಳಿಗೆ ಅದು ತಂದ ನೆಮ್ಮದಿಯನ್ನು ಅನುಭವಿಸಿದವರೇ ಬಲ್ಲರು. ಇಂತಹ ಡಿಜಿಟಲ್ ಕೇಂದ್ರಗಳಲ್ಲಿ ನೂರಾರು ಕಂಠಗಳ ಸಂಖ್ಯೆಗಳು ಮೆಮೊರಿಯ ಕೋಶಗಳಲ್ಲಿ ಒಂದು ಕ್ರಮದಲ್ಲಿ ಬರೆಯಲ್ಪಟ್ಟು, ಮತ್ತೊಂದು ಕ್ರಮದಲ್ಲಿ ಓದಲ್ಪಟ್ಟು, ತಮತಮಗೆ ಸಲ್ಲುವ ಕಿವಿಗಳನ್ನು ಸೇರುತ್ತವೆ.

ಗಣಕವು ಧ್ವನಿಯನ್ನು ಹೊಮ್ಮಿಸುವಲ್ಲಿಯೂ, ಸಂಖ್ಯೆಯನ್ನು ಮರಳಿ ಅಲೆಯನ್ನಾಗಿಸುವ ಪರಿವರ್ತಕಕ್ಕೆ ಕಾಲನಿಷ್ಠೆಯೇ ಪ್ರಾಣ. ಪ್ರತಿಯೊಂದು ಸಂಖ್ಯೆಗಾಗಿಯೂ ಅದು ಮುಖ್ಯ ಗಣಕದ ಮುಂದೆ ಕೈಚಾಚಬೇಕಾಗಿ ಬಂದು, ಆ ಗಣಕವು ಅದೇ ವೇಳೆಗೆ ಬೇರೊಂದು ಕೆಲಸದಲ್ಲಿ ಮಗ್ನವಾಗಿದ್ದರೆ, ಅಲೆಯು ಮುರಿದು ಧ್ವನಿಯು ತೊದಲುತ್ತದೆ. ಆದ್ದರಿಂದ ಪರಿವರ್ತಕದ ಫಲಕದ ಮೇಲೆಯೇ ಚಿಕ್ಕದೊಂದು ಮೆಮೊರಿಯನ್ನು ಕೂರಿಸುತ್ತಾರೆ. ಸಖರಾಯಪಟ್ಟಣದ ಅಯ್ಯನಕೆರೆಯು ಹೊತ್ತುಗೊತ್ತಿಲ್ಲದೆ ಬಂದ ಮಳೆನೀರನ್ನು ತುಂಬಿಕೊಂಡು ತೂಬಿನಿಂದ ಗದ್ದೆಗೆ ಒಂದೇ ಸಮನಾಗಿ ಬಿಡುವಂತೆ, ಅದು ಗಣಕವು ಬಿಡುವಾದಾಗ ರಾಶಿಯಾಗಿ ಸುರಿದ ಸಂಖ್ಯೆಗಳನ್ನು ಹಿಡಿದಿಟ್ಟುಕೊಂಡು ಗಡಿಯಾರದ ಮಿಡಿತಕ್ಕೆ ಒಂದೊಂದನ್ನಾಗಿ ಪರಿವರ್ತಕಕ್ಕೆ ನೀಡುತ್ತದೆ. ಅರ್ಧಭಾಗವು ಬರಿದಾಗುತ್ತಿರುವಷ್ಟರಲ್ಲಿ ಉಳಿದರ್ಧವು ತುಂಬಿರುತ್ತದೆ. ಇಂದು ನಿಲ್ದಾಣಗಳಲ್ಲಿ ಗಾಡಿಯ ಹೆಸರನ್ನೂ ಪ್ಲಾಟ್‌ಫಾರಂ ಸಂಖ್ಯೆಯನ್ನೂ ಕನ್ನಡದಲ್ಲಿ ಸಾರುವ ಗಣಕದ ಕಂಠವೂ ಹೀಗೆಯೇ ಕೆಲಸಮಾಡುವುದು: ಮಾತಿನ ತುಣುಕುಗಳು ಮೊದಲೇ ಸಂಗ್ರಹವಾಗಿರುತ್ತವೆ, ಅಪ್ಪಣೆಯಾಗಿ ಬರುವುದು ಯಾವ ತುಣುಕು ಬೇಕೆಂಬ ಸಂಖ್ಯೆಯಷ್ಟೇ. ಶುಭಾಶಯ ತಂತಿಯನ್ನು ಬರೆದುಕೊಟ್ಟ ಗುಮಾಸ್ತರ ವಿದ್ಯೆಯು ಸಿಲಿಕಾನಿನಲ್ಲಿ ಪುನರ್ಜನ್ಮವನ್ನೆತ್ತಿತೆಂದರೆ ಅತಿಶಯೋಕ್ತಿಯಾಗದು.

2013ರ ಜುಲೈಯಲ್ಲಿ ಭಾರತದ ತಂತಿ ಸೇವೆಯು ನಿಂತಿತು; ಅದೇ ವರ್ಷದಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಓಡತೊಡಗಿತು. ಈ ಸೀಮೆಯಲ್ಲಿ ಕಿವಿಯಿಂದ ಮೋರ್ಸ್ ಓದಬಲ್ಲ ವೃದ್ಧರು ಇನ್ನೂ ಇದ್ದಾರು. ಅಜ್ಜಂಪುರ, ತರೀಕೆರೆ, ಕಡೂರುಗಳ ಶಾಲಾ ಕಾಲೇಜುಗಳ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನು ಅವರಲ್ಲಿಗೆ ಕಳುಹಿ, ಅವರ ಕೈಯ ಆ ಕಟಕಟ ಸದ್ದನ್ನೂ ನೆನಪುಗಳನ್ನೂ ಈ ವರ್ಷವೇ ಧ್ವನಿಮುದ್ರಿಸಿಕೊಳ್ಳಬೇಕೆಂದು ಬೇಡುತ್ತೇನೆ.