ಗೋಡೆಗೂ ಕಿವಿಯುಂಟು: ಕೋಶಪೊರೆಯ ಕೊಬ್ಬಿನ ಕಥೆ

ಮೇದೋಜೀರಕ ಗ್ರಂಥಿ ಎಂದೊಡನೆ ಬಹಳ ಮಂದಿಗೆ ನೆನಪಾಗುವುದು ಇನ್ಸುಲಿನ್ ಮತ್ತು ಸಕ್ಕರೆ ಕಾಯಿಲೆ. ಆದರೆ ಜಠರದ ಹಿಂಬದಿಯಲ್ಲಿ ಅಡ್ಡಲಾಗಿ ಮಲಗಿರುವ ಈ ಗ್ರಂಥಿಯ ಬಹುಭಾಗ ಮಾಡುವ ಕೆಲಸವೇ ಬೇರೆ. ಉಂಡ ಅನ್ನದ ಪಿಷ್ಟ, ಬೇಳೆಯ ಪ್ರೊಟೀನು, ತುಪ್ಪದ ಜಿಡ್ಡು ಇವೆಲ್ಲವನ್ನೂ ಒಡೆಯಬಲ್ಲ ಕಿಣ್ವಗಳನ್ನು ತಯಾರಿಸಿ ಸಣ್ಣ ಕರುಳಿಗೆ ಸುರಿಸುವುದು ಅದರ ಕಾಯಕ. ದಿನಕ್ಕೆ 1ರಿಂದ 2 ಲೀಟರಿನಷ್ಟು ರಸ ಹೀಗೆ ಹರಿಯುತ್ತದೆ. ಮಾಂಸವನ್ನೇ ಕರಗಿಸಬಲ್ಲ ಈ ಕಿಣ್ವಗಳು ಬೇಕಾದಾಗ ಮಾತ್ರ, ಬೇಕಾದ ಕಡೆಗೆ ಮಾತ್ರ ಹೊರಬರಬೇಕು. ಇಲ್ಲವಾದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ ಗ್ರಂಥಿ ತನ್ನನ್ನು ತಾನೇ ತಿಂದುಕೊಳ್ಳುತ್ತದೆ. ಹಾಗಾದರೆ 'ಈಗ ಸುರಿಸು' ಎಂಬ ಅಪ್ಪಣೆ ಜೀವಕೋಶದ ಒಳಕ್ಕೆ ತಲುಪುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಯಾರೂ ನಿರೀಕ್ಷಿಸದ ಜಾಗದಲ್ಲಿ, ಕೋಶದ ಸುತ್ತಲಿನ ಕೊಬ್ಬಿನ ಪೊರೆಯಲ್ಲಿ.

ಅಪ್ಪಣೆ ಕೊಡುವವರು ಯಾರು ಎಂಬುದು ಮೊದಲೇ ತಿಳಿದಿತ್ತು. ರಷ್ಯದ ಇವಾನ್ ಪಾವ್ಲೋವ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಾಯಿಗಳ ಮೇಲೆ ಪ್ರಯೋಗ ನಡೆಸಿ, ವೇಗಸ್ ನರವನ್ನು ಪ್ರಚೋದಿಸಿದರೆ ಮೇದೋಜೀರಕ ರಸ ಸ್ರವಿಸುತ್ತದೆಂದು ತೋರಿಸಿದ್ದರು. 1902ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್, ಕರುಳಿನಿಂದ ರಕ್ತದ ಮೂಲಕ ಗ್ರಂಥಿಗೆ ಸುದ್ದಿ ಒಯ್ಯುವ 'ಸೀಕ್ರೆಟಿನ್' ಎಂಬ ವಸ್ತುವನ್ನು ಕಂಡುಹಿಡಿದರು. ವೇಗಸ್ ನರದ ತುದಿಯಲ್ಲಿ ಬಿಡುಗಡೆಯಾಗುವ ರಾಸಾಯನಿಕ ಅಸಿಟೈಲ್‌ಕೋಲಿನ್ ಎಂಬುದೂ ಮುಂದೆ ಖಚಿತವಾಯಿತು. ಆದರೆ ಈ ದೂತ ಕೋಶದ ಹೊಸ್ತಿಲಲ್ಲೇ ನಿಂತುಬಿಡುತ್ತಾನೆ. ಹೊಸ್ತಿಲಿನಿಂದ ಒಳಮನೆಯವರೆಗೆ ಸುದ್ದಿ ಸಾಗುವ ಬಗೆ ಮಾತ್ರ ಕತ್ತಲಲ್ಲೇ ಉಳಿದಿತ್ತು.

1950ರ ದಶಕದ ಆರಂಭದಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಮೇಬಲ್ ಹೋಕಿನ್ ಮತ್ತು ಲೋವೆಲ್ ಹೋಕಿನ್ ಎಂಬ ದಂಪತಿ ಸಂಶೋಧನೆಯಲ್ಲಿ ತೊಡಗಿದ್ದರು. ಪಾರಿವಾಳದ ಮೇದೋಜೀರಕ ಗ್ರಂಥಿಯನ್ನು ತೆಳುವಾಗಿ ಕತ್ತರಿಸಿ, ಲವಣಯುಕ್ತ ದ್ರಾವಣದಲ್ಲಿ ಜೀವಂತ ಇರಿಸಿ, ಅದಕ್ಕೆ ವಿಕಿರಣಶೀಲ ರಂಜಕವನ್ನು ಸೇರಿಸುವುದು ಅವರ ವಿಧಾನ. ಸುಮಾರು 14 ದಿನಗಳಲ್ಲಿ ಅರ್ಧಕ್ಕೆ ಇಳಿಯುವ ಈ ರಂಜಕ-32 ಕೋಶದೊಳಗೆ ಎಲ್ಲೆಲ್ಲಿಗೆ ಹೋಗುತ್ತದೆ ಎಂಬುದನ್ನು ಅದರ ವಿಕಿರಣವೇ ಹೇಳಿಬಿಡುತ್ತದೆ. ದ್ರಾವಣಕ್ಕೆ ಅಸಿಟೈಲ್‌ಕೋಲಿನ್ ಬೆರೆಸಿದಾಗ ಎಂದಿನಂತೆ ಕಿಣ್ವ ಹೊರಬಂತು. ಅದರ ಜೊತೆಯಲ್ಲೇ ಪೊರೆಯ ರಂಜಕಯುಕ್ತ ಕೊಬ್ಬಿಗೆ, ಅಂದರೆ ಫಾಸ್ಫೋಲಿಪಿಡ್‌ಗಳಿಗೆ, ಹೊಸ ರಂಜಕ ಹಲವು ಪಟ್ಟು ಹೆಚ್ಚಾಗಿ ಸೇರಿತ್ತು. ಅಸಿಟೈಲ್‌ಕೋಲಿನ್‌ನ ಕೆಲಸವನ್ನು ತಡೆಯುವ ಅಟ್ರೊಪಿನ್ ಹಾಕಿದರೆ ಈ ಪರಿಣಾಮವೂ ನಿಂತುಹೋಗುತ್ತಿತ್ತು. 1953ರಲ್ಲಿ ಈ ಸಂಗತಿ ಪ್ರಕಟವಾಯಿತು.

ಆ ಕಾಲದ ವಿಜ್ಞಾನಿಗಳ ಕಣ್ಣಿನಲ್ಲಿ ಕೋಶಪೊರೆಯ ಕೊಬ್ಬು ಬರಿಯ ಗೋಡೆ. ಒಳಗಿನ ನೀರು ಹೊರಗೆ ಹೋಗದಂತೆ, ಹೊರಗಿನದು ಒಳಗೆ ಬಾರದಂತೆ ತಡೆಯುವುದಷ್ಟೇ ಅದರ ಪಾಲಿನ ಕೆಲಸ. ಬಾಗಿಲು ತಟ್ಟಿದೊಡನೆ ಗೋಡೆಯ ಇಟ್ಟಿಗೆಗಳು ಕಳಚಿ ಮತ್ತೆ ಕೂಡಿಕೊಳ್ಳುತ್ತವೆ ಎಂದರೆ ನಂಬುವುದು ಹೇಗೆ? ಹೋಕಿನ್ ದಂಪತಿ ಮುಂದಿನ ವರ್ಷಗಳಲ್ಲಿ ಇನ್ನಷ್ಟು ಶೋಧಿಸಿ, ಬದಲಾವಣೆ ಎಲ್ಲ ಕೊಬ್ಬುಗಳಲ್ಲೂ ಸಮನಾಗಿ ಆಗುತ್ತಿಲ್ಲವೆಂದು ಕಂಡುಕೊಂಡರು. ಪೊರೆಯಲ್ಲಿ ಅಲ್ಪ ಪ್ರಮಾಣದಲ್ಲಿರುವ, ಇನೋಸಿಟಾಲ್ ಎಂಬ ಸಕ್ಕರೆಯಂಥ ವಸ್ತುವನ್ನು ತಲೆಯ ಮೇಲೆ ಹೊತ್ತ ಕೊಬ್ಬು ಮತ್ತು ಫಾಸ್ಫಟಿಡಿಕ್ ಆಮ್ಲ ಇವೆರಡೇ ಮುಖ್ಯವಾಗಿ ಬದಲಾಗುತ್ತಿದ್ದವು.

ಕಂಡದ್ದು ನಿಜ, ಆದರೆ ಅದರ ಅರ್ಥವೇನು? ಇಲ್ಲಿ ದಾರಿ ಕವಲೊಡೆಯಿತು. ಕಿಣ್ವವನ್ನು ಹೊರದಬ್ಬುವ ಕೆಲಸದಲ್ಲಿ ಕೊಬ್ಬು ನೇರವಾಗಿ ಪಾಲುಗೊಳ್ಳುತ್ತದೆ ಎಂಬುದು ಮೊದಲ ಊಹೆ. ಮುಂದೆ ಕಡಲಹಕ್ಕಿಗಳ ಲವಣ ಗ್ರಂಥಿಗಳಲ್ಲೂ ಇಂಥದೇ ಬದಲಾವಣೆ ಕಂಡಾಗ, ಸೋಡಿಯಂ ಅನ್ನು ಪೊರೆಯಾಚೆಗೆ ಹೊತ್ತೊಯ್ಯುವ ವಾಹಕ ಫಾಸ್ಫಟಿಡಿಕ್ ಆಮ್ಲವೇ ಇರಬೇಕೆಂದು ಹೋಕಿನ್ ದಂಪತಿ 1960ರ ಸುಮಾರಿಗೆ ವಾದಿಸಿದರು. ಆದರೆ ಆ ಕೆಲಸ ಮಾಡುವ ಕಿಣ್ವವನ್ನು ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲೇ ಗುರುತಿಸಿದ್ದರು. ವಾಹಕದ ವಾದ ಬಿದ್ದುಹೋಯಿತು. ವಾದದೊಡನೆ ಮೂಲ ಸಂಗತಿಯ ಮೇಲಿನ ಆಸಕ್ತಿಯೂ ಬಹುಮಟ್ಟಿಗೆ ಆರಿತು.

ಇದೇ ಕಾಲದಲ್ಲಿ ಅಮೆರಿಕದಲ್ಲಿ ಜಾರ್ಜ್ ಪಲಾಡೆ ಮತ್ತು ಸಂಗಡಿಗರು ಗಿನಿಪಿಗ್‌ಗಳ ಇದೇ ಗ್ರಂಥಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಕಿಣ್ವ ಎಲ್ಲಿ ತಯಾರಾಗುತ್ತದೆ, ಯಾವ ಕೋಣೆಗಳನ್ನು ದಾಟಿ ಸಣ್ಣ ಚೀಲಗಳಲ್ಲಿ ತುಂಬಿಕೊಳ್ಳುತ್ತದೆ, ಆ ಚೀಲ ಹೇಗೆ ಪೊರೆಗೆ ಬೆಸೆದು ಬಾಯಿ ತೆರೆಯುತ್ತದೆ ಎಂಬುದನ್ನು ಅವರು ಹೆಜ್ಜೆಹೆಜ್ಜೆಯಾಗಿ ಗುರುತಿಸಿದರು. 1974ರಲ್ಲಿ ಪಲಾಡೆಗೆ ನೊಬೆಲ್ ಪ್ರಶಸ್ತಿ ಬಂತು. ಸರಕು ಸಾಗುವ ದಾರಿ ಹೀಗೆ ಸ್ಪಷ್ಟವಾಯಿತು. ಚೀಲದ ಬಾಯಿ ಬಿಚ್ಚಲು ಕೋಶದೊಳಗೆ ಕ್ಯಾಲ್ಸಿಯಂ ಏರಬೇಕೆಂಬುದೂ ಬೇರೆ ಬೇರೆ ಪ್ರಯೋಗಗಳಿಂದ ತಿಳಿದುಬಂತು. ಉಳಿದದ್ದು ಒಂದೇ ಪ್ರಶ್ನೆ: ಕ್ಯಾಲ್ಸಿಯಂಗೆ ಹೇಳಿಕಳುಹಿಸಿದವರು ಯಾರು?

ಇದಕ್ಕೆ ಒಂದು ಸುಳಿವು ಪಾರಿವಾಳದ ಗ್ರಂಥಿಯಲ್ಲೇ ದೊರೆತಿತ್ತು. ದ್ರಾವಣದಿಂದ ಕ್ಯಾಲ್ಸಿಯಂ ತೆಗೆದುಹಾಕಿದರೆ ಕಿಣ್ವದ ಸ್ರಾವ ಕುಗ್ಗುತ್ತದೆ, ಆದರೆ ಕೊಬ್ಬಿನಲ್ಲಿ ಆಗುವ ಬದಲಾವಣೆ ಉಳಿದೇ ಇರುತ್ತದೆ ಎಂದು ಲೋವೆಲ್ ಹೋಕಿನ್ 1966ರಲ್ಲಿ ವರದಿ ಮಾಡಿದ್ದರು. ಕೊಬ್ಬಿನ ಬದಲಾವಣೆ ಸ್ರಾವದ ಫಲವಾಗಿದ್ದರೆ ಸ್ರಾವದೊಂದಿಗೆ ಅದೂ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅಂದರೆ ಅದು ಸ್ರಾವಕ್ಕಿಂತ ಹಿಂದಿನ ಹೆಜ್ಜೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದ ರಾಬರ್ಟ್ ಮಿಚೆಲ್, ಇಂಥ ಚದುರಿಹೋದ ಫಲಿತಾಂಶಗಳನ್ನೆಲ್ಲ ಒಂದೆಡೆ ಕಲೆಹಾಕಿ 1975ರಲ್ಲಿ ದೀರ್ಘ ಪ್ರಬಂಧವೊಂದನ್ನು ಬರೆದರು. ದೂತ ಬಂದೊಡನೆ ಮೊದಲು ಇನೋಸಿಟಾಲ್ ಕೊಬ್ಬು ಒಡೆಯುತ್ತದೆ, ಆಮೇಲೆ ಕ್ಯಾಲ್ಸಿಯಂ ಏರುತ್ತದೆ ಎಂಬುದು ಅವರ ವಾದ. ಹೋಕಿನ್ ದಂಪತಿ ಕಂಡಿದ್ದ ರಂಜಕದ ಸೇರ್ಪಡೆ, ಒಡೆದದ್ದನ್ನು ಮತ್ತೆ ಕಟ್ಟಿಕೊಳ್ಳುವ ದುರಸ್ತಿ ಕೆಲಸವಾಗಿತ್ತು. ಆದರೂ ಅನೇಕರು ಒಪ್ಪಲಿಲ್ಲ. ಪೊರೆಯಲ್ಲಿ ಒಡೆದ ಕೊಬ್ಬು ಕೋಶದ ಆಳದಲ್ಲಿರುವ ಕ್ಯಾಲ್ಸಿಯಂ ಉಗ್ರಾಣಕ್ಕೆ ಸುದ್ದಿ ಮುಟ್ಟಿಸುವುದು ಹೇಗೆಂದು ಆಗ ತಿಳಿದಿರಲಿಲ್ಲ.

ಕೊನೆಯ ಕೊಂಡಿ ದೊರೆತದ್ದು ನೊಣದ ಜೊಲ್ಲಿನ ಗ್ರಂಥಿಯಿಂದ. ಕೇಂಬ್ರಿಡ್ಜ್‌ನ ಮೈಕೇಲ್ ಬೆರಿಡ್ಜ್ ಮಾಂಸದ ನೊಣಗಳ ಗ್ರಂಥಿಯನ್ನು ಪ್ರಚೋದಿಸಿದಾಗ, ಪೊರೆಯ ಒಂದು ವಿಶೇಷ ಕೊಬ್ಬು ಕ್ಷಣಾರ್ಧದಲ್ಲಿ ಎರಡು ತುಂಡಾಗುವುದನ್ನು ಗಮನಿಸಿದರು. ಅದರ ತಲೆಯ ಭಾಗ ಇನೋಸಿಟಾಲ್ ಟ್ರೈಸ್‌ಫಾಸ್ಫೇಟ್. ಅದು ನೀರಿನಲ್ಲಿ ಕರಗುವಂಥದ್ದು, ಆದ್ದರಿಂದ ಪೊರೆಯನ್ನು ಬಿಟ್ಟು ಕೋಶದೊಳಕ್ಕೆ ಸಂಚರಿಸಬಲ್ಲದು. ಕಾಣೆಯಾಗಿದ್ದ ಒಳದೂತ ಇದೇ ಏಕಿರಬಾರದು?

ಪರೀಕ್ಷೆ ನಡೆದದ್ದು ಮತ್ತೆ ಮೇದೋಜೀರಕ ಗ್ರಂಥಿಯಲ್ಲೇ. ಬೆರಿಡ್ಜ್ ಮತ್ತು ರಾಬಿನ್ ಇರ್ವೀನ್ ಅವರೊಡನೆ ಫ್ರಾಂಕ್‌ಫರ್ಟ್‌ನ ಹಾನ್ಸ್‌ಪೀಟರ್ ಸ್ಟ್ರೆಬ್ ಮತ್ತು ಇರೇನೆ ಶುಲ್ಟ್ಸ್ ಕೈಜೋಡಿಸಿದರು. ಇಲಿಯ ಗ್ರಂಥಿಯ ಕೋಶಗಳ ಹೊರಪೊರೆಯಲ್ಲಿ ರಂಧ್ರಗಳಾಗುವಂತೆ ಮಾಡಿ ಈ ವಸ್ತುವನ್ನು ಸೇರಿಸಿದಾಗ, ಒಳಗಿನ ಉಗ್ರಾಣದಿಂದ ಕ್ಯಾಲ್ಸಿಯಂ ಕೂಡಲೇ ಹೊರಬಿತ್ತು. ಇದು ಪ್ರಕಟವಾದದ್ದು 1983ರಲ್ಲಿ. ಪಾರಿವಾಳದ ಗ್ರಂಥಿಯಲ್ಲಿ ಹುಟ್ಟಿದ ಪ್ರಶ್ನೆಗೆ ಇಲಿಯ ಗ್ರಂಥಿ ಉತ್ತರ ಹೇಳಲು ಸರಿಯಾಗಿ 30 ವರ್ಷ ಹಿಡಿಯಿತು. ಒಡೆದ ಕೊಬ್ಬಿನ ಬಾಲವೂ ವ್ಯರ್ಥವಲ್ಲ. ಅದು ಪೊರೆಯಲ್ಲೇ ಉಳಿದು ಇನ್ನೊಂದು ಕಿಣ್ವವನ್ನು ಎಚ್ಚರಿಸುತ್ತದೆಂಬುದನ್ನು ಜಪಾನಿನ ಯಸುಟೊಮಿ ನಿಶಿಜುಕಾ ಅಷ್ಟರಲ್ಲೇ ತೋರಿಸಿದ್ದರು. 1989ರ ಲಾಸ್ಕರ್ ಪ್ರಶಸ್ತಿ ಪಡೆದ ನಾಲ್ವರಲ್ಲಿ ಬೆರಿಡ್ಜ್ ಮತ್ತು ನಿಶಿಜುಕಾ ಇದ್ದರು. ಹೋಕಿನ್ ದಂಪತಿಯ ಹೆಸರು ಆ ಪಟ್ಟಿಯಲ್ಲಿರಲಿಲ್ಲ.

ಈ ವ್ಯವಸ್ಥೆ ಒಂದು ಗ್ರಂಥಿಗೆ ಸೀಮಿತವಲ್ಲ ಎಂಬುದು ಈಗ ಸರ್ವವಿದಿತ. ಮಿದುಳು, ರಕ್ತನಾಳದ ಸ್ನಾಯು, ಫಲಿತ ಅಂಡ ಎಲ್ಲೆಡೆಯೂ ಇದೇ ಕೊಬ್ಬು ಸುದ್ದಿ ಸಾಗಿಸುತ್ತದೆ. ಆದರೆ ಅಪ್ಪಣೆ ಅತಿಯಾದರೆ ಏನಾಗುತ್ತದೆ ಎಂಬುದನ್ನು ನಿಷ್ಠುರವಾಗಿ ತೋರಿಸುವುದು ಮೇದೋಜೀರಕವೇ. ಮಿತಿಮೀರಿದ ಮದ್ಯಪಾನದಿಂದಲೋ ಪಿತ್ತಕೋಶದ ಕಲ್ಲಿನಿಂದಲೋ ಗ್ರಂಥಿಗೆ ಪೆಟ್ಟುಬಿದ್ದಾಗ, ಕ್ಷಣಕಾಲ ಏರಿ ಇಳಿಯಬೇಕಾದ ಕ್ಯಾಲ್ಸಿಯಂ ಏರಿದಂತೆಯೇ ಉಳಿದುಬಿಡುತ್ತದೆ. ಕರುಳಿಗೆ ತಲುಪಿದ ಮೇಲೆ ಎಚ್ಚರಗೊಳ್ಳಬೇಕಾದ ಕಿಣ್ವಗಳು ಗ್ರಂಥಿಯೊಳಗೇ ಕಣ್ಣು ಬಿಟ್ಟು ಅದನ್ನೇ ಜೀರ್ಣಿಸತೊಡಗುತ್ತವೆ. ತೀವ್ರ ಮೇದೋಜೀರಕ ಉರಿಯೂತವೆಂಬ ಪ್ರಾಣಾಂತಕ ಕಾಯಿಲೆ ಇದು. ಕ್ಯಾಲ್ಸಿಯಂ ಕೋಶದೊಳಕ್ಕೆ ನುಗ್ಗುವ ದಾರಿಯನ್ನು ಕಟ್ಟುವ ಔಷಧಗಳನ್ನು ಇತ್ತೀಚಿನ ವರ್ಷಗಳಲ್ಲಿ ರೋಗಿಗಳ ಮೇಲೆ ಪರೀಕ್ಷಿಸಿರುವುದು ಈ ತಿಳಿವಳಿಕೆಯ ಬಲದಿಂದಲೇ. ಅರ್ಥವಾಗದಿದ್ದರೂ ಅಳೆದದ್ದನ್ನು ಅಳೆದಂತೆಯೇ 1953ರಲ್ಲಿ ಬರೆದಿಟ್ಟದ್ದರಿಂದ ಇಷ್ಟು ದೂರ ಬರುವುದು ಸಾಧ್ಯವಾಯಿತು.