ಗದ್ದೆ ಬಿಟ್ಟು ಗುಡ್ಡ ಹತ್ತಿದ ಟ್ರ್ಯಾಕ್: ಸುಜುಕಾ ಮತ್ತು ಜಪಾನಿ ಕಾರಿನ ಸತ್ವಪರೀಕ್ಷೆ

ಸುಜುಕಾ ಎಂದೊಡನೆ ಇಂದು ಫಾರ್ಮುಲಾ ಒನ್ ನೆನಪಾಗುತ್ತದೆ. ಆ ಪಂದ್ಯ ಅಲ್ಲಿಗೆ ಕಾಲಿಟ್ಟದ್ದು 1987ರಲ್ಲಿ. ಅದಕ್ಕಿಂತ 25 ವರ್ಷ ಹಿಂದೆ ಈ ಟ್ರ್ಯಾಕ್ ಶುರುಮಾಡಿದ ಕೆಲಸವೇ ಹೆಚ್ಚು ತೂಕದ್ದು ಎಂಬುದು ನನ್ನ ವಾದ. ಜಪಾನಿನ ಕಾರು ತಯಾರಕರು ತಮ್ಮ ಗಾಡಿಯನ್ನು ಎಲ್ಲರ ಕಣ್ಣೆದುರು, ಬೇರೆಯವರ ಗಾಡಿಯ ಪಕ್ಕದಲ್ಲಿಟ್ಟು ಅಳೆಯಬೇಕಾಗಿ ಬಂದದ್ದು ಇಲ್ಲಿ.

ಆಗಿನ ಜಪಾನಿನಲ್ಲಿ ವೇಗಕ್ಕೆ ದಾರಿಯೇ ಇರಲಿಲ್ಲ. 1955ರಲ್ಲಿ ಮೋಟಾರ್‌ಸೈಕಲ್ ಕಂಪನಿಗಳು ಪೈಪೋಟಿಗಿಳಿದದ್ದು ಅಸಾಮಾ ಜ್ವಾಲಾಮುಖಿಯ ತಪ್ಪಲಿನ ಮಣ್ಣುದಾರಿಯಲ್ಲಿ. ದೇಶದ ಮೊದಲ ಎಕ್ಸ್‌ಪ್ರೆಸ್‌ವೇಯ ಮೊದಲ ತುಂಡು ತೆರೆದದ್ದು 1963ರ ಜುಲೈನಲ್ಲಿ. ಸುಜುಕಾ ಅಷ್ಟರೊಳಗೆ ಸಿದ್ಧವಾಗಿ ಹತ್ತು ತಿಂಗಳಾಗಿತ್ತು.

ಅದನ್ನು ಕಟ್ಟಿಸಿದವರು ಹೋಂಡಾ ಕಂಪನಿಯ ಸ್ಥಾಪಕ ಸೊಯಿಚಿರೊ ಹೋಂಡಾ. ಜಾಗ ಹುಡುಕುವಾಗ ಸಮತಟ್ಟಾದ ಭತ್ತದ ಗದ್ದೆಗಳತ್ತ ಕಣ್ಣು ಹೋದದ್ದು ಸಹಜ. ಅನ್ನ ಬೆಳೆಯುವ ನೆಲವನ್ನು ಹಾಳುಮಾಡಕೂಡದೆಂದು ಅವರು ಪಟ್ಟುಹಿಡಿದರು. ಟ್ರ್ಯಾಕ್ ಗುಡ್ಡಕ್ಕೆ ಸರಿಯಿತು. ಆ ಒಂದು ನಿರ್ಧಾರದಿಂದಲೇ ಸುಜುಕಾಕ್ಕೆ ಏರಿಳಿತ ಬಂತು, ಕಾರಿನ ದೋಷಗಳನ್ನು ಬಯಲಿಗೆಳೆಯುವ ಗುಣವೂ ಬಂತು. ನಕ್ಷೆಯನ್ನು ತಿದ್ದಿ ಕೊಟ್ಟವರು ಹಾಲೆಂಡಿನ ಝಾಂಡ್‌ವೋರ್ಟ್ ಟ್ರ್ಯಾಕ್‌ನ ನಿರ್ದೇಶಕ ಜಾನ್ ಹ್ಯೂಗನ್‌ಹೋಲ್ಟ್ಸ್. ಸುಮಾರು 6 ಕಿಲೋಮೀಟರಿನ ಹಾದಿ ತನ್ನನ್ನೇ ಒಮ್ಮೆ ದಾಟಿ 8ರ ಆಕಾರ ತಾಳುತ್ತದೆ. ದುಂಡು ಟ್ರ್ಯಾಕ್‌ನಲ್ಲಿ ಒಂದೇ ಬದಿಯ ಟೈರಿಗೆ ಭಾರ ಹೆಚ್ಚು. ಇಲ್ಲಿ ಎಡಬಲ ಎರಡಕ್ಕೂ ಕೆಲಸ.

1963ರ ಮೇ ತಿಂಗಳಿನಲ್ಲಿ ಸುಜುಕಾದಲ್ಲಿ ನಡೆದ ಮೊದಲ ಜಪಾನ್ ಗ್ರ್ಯಾನ್ ಪ್ರಿಯಲ್ಲಿ ಪ್ರಿನ್ಸ್ ಕಂಪನಿಯ ಕಾರುಗಳು ನೆಲಕಚ್ಚಿದವು. ಆ ಸೋಲಿಗೆ ಎಂಜಿನಿಯರುಗಳು ಕೊಟ್ಟ ಉತ್ತರವನ್ನು ಇಂದೂ ಪ್ರಿನ್ಸ್‌ನ ಸ್ಕೈಲೈನ್ ಕಾರಿನ ತಗಡಿನಲ್ಲಿ ಕಾಣಬಹುದು. 1.5 ಲೀಟರಿನ, ನಾಲ್ಕು ಸಿಲಿಂಡರಿನ ಸ್ಕೈಲೈನ್‌ನ ಮುಂಭಾಗವನ್ನು 200 ಮಿಲಿಮೀಟರ್ ಉದ್ದ ಮಾಡಿ, ಗ್ಲೋರಿಯಾ ಕಾರಿನ 2 ಲೀಟರಿನ ಆರು ಸಿಲಿಂಡರ್ ಎಂಜಿನ್ ಕೂರಿಸಿದರು. ಮುಂದಿನ ಚಕ್ರಕ್ಕೂ ಬಾಗಿಲಿಗೂ ನಡುವೆ ಒಂದು ಗೇಣಿನಷ್ಟು ಹೆಚ್ಚುವರಿ ಜಾಗ. ಒಮ್ಮೆ ಕಂಡವರಿಗೆ ಅದು ಮತ್ತೆ ಮರೆಯುವುದಿಲ್ಲ. ಪಂದ್ಯದ ನಿಯಮಕ್ಕಾಗಿ ಇಂಥ 100 ಕಾರುಗಳು ತಯಾರಾದವು.

1964ರ ಮೇ 3ರಂದು, ಸುಜುಕಾದ ಮುಂದಿನ ಗ್ರ್ಯಾನ್ ಪ್ರಿಯಲ್ಲಿ ಎದುರಿಗೆ ನಿಂತದ್ದು ಪೋರ್ಷೆ 904. ಅಭ್ಯಾಸದ ವೇಳೆ ಅಪಘಾತಕ್ಕೀಡಾದ ಅದನ್ನು ತರಾತುರಿಯಲ್ಲಿ ದುರಸ್ತಿ ಮಾಡಿ ತಂದಿದ್ದರು. ಒಂದು ಸುತ್ತಿನ ಮಟ್ಟಿಗೆ ತೆತ್ಸು ಇಕುಝಾವಾ ಅವರ ಸ್ಕೈಲೈನ್ ಪೋರ್ಷೆಗಿಂತ ಮುಂದಿತ್ತು. ಗೆದ್ದದ್ದು ಪೋರ್ಷೆಯೇ, ಎರಡರಿಂದ ಆರರವರೆಗಿನ ಸ್ಥಾನಗಳೆಲ್ಲ ಸ್ಕೈಲೈನ್ ಪಾಲಾದವು. ಆ ಒಂದು ಸುತ್ತನ್ನೇ ಜಪಾನಿನ ರೇಸ್ ಅಭಿಮಾನಿಗಳು ಈಗಲೂ ಎದೆಯುಬ್ಬಿಸಿ ಹೇಳುತ್ತಾರೆ. ಎಂಜಿನಿಯರುಗಳು ಮಾತ್ರ ಅಂತಿಮ ಫಲಿತಾಂಶದಿಂದ ಪಾಠ ಕಲಿತರು ಎನ್ನಲು ಮುಂದಿನ ಕಾರೇ ಸಾಕ್ಷಿ. ಮನೆಮಂದಿಯ ಕಾರನ್ನು ಹಿಗ್ಗಿಸಿದರೆ ಸಾಲದು, ರೇಸಿಗೆಂದೇ ಹುಟ್ಟಿದ ಗಾಡಿ ಬೇಕು.

ಅದೇ ಆರ್380. ಫುಜಿ ಸ್ಪೀಡ್‌ವೇ ತೆರೆದ 1966ರಲ್ಲಿ, ಅಲ್ಲಿನ ಗ್ರ್ಯಾನ್ ಪ್ರಿಯಲ್ಲಿ ಅದು ಪೋರ್ಷೆ 906ನ್ನು ಹಿಂದಿಕ್ಕಿ ಗೆದ್ದಿತು. ಓಡಿಸಿದವರು ಯೊಶಿಕಾಝು ಸುನಾಕೊ, 1964ರ ಸುಜುಕಾದಲ್ಲಿ ಎರಡನೆಯ ಸ್ಥಾನ ಪಡೆದ ಅದೇ ಚಾಲಕ. ಕೆಲವೇ ತಿಂಗಳಲ್ಲಿ ಪ್ರಿನ್ಸ್ ಕಂಪನಿ ನಿಸ್ಸಾನ್‌ನಲ್ಲಿ ಲೀನವಾಯಿತು, ಹೆಸರು ಅಳಿಯಿತು. ಎಂಜಿನ್ ಉಳಿಯಿತು. 1969ರಲ್ಲಿ ಬಂದ ಮೊದಲ ಸ್ಕೈಲೈನ್ ಜಿಟಿ-ಆರ್‌ನ ಬಾನೆಟ್ ಕೆಳಗಿದ್ದದ್ದು ಆರ್380ರ ಎಂಜಿನ್ನಿನಿಂದ ಬೆಳೆದ, ಸಿಲಿಂಡರಿಗೆ ನಾಲ್ಕು ವಾಲ್ವುಗಳ ಆರು ಸಿಲಿಂಡರ್ ಎಂಜಿನ್. ಹೊರಗಿನಿಂದ ನೋಡಿದರೆ ಅದು ನಾಲ್ಕು ಬಾಗಿಲಿನ ಸಂಸಾರಸ್ಥರ ಕಾರು.